ಹಳೆಯ ಕಂಪ್ಯೂಟರಿಗೆ ಬದಲಿ ಫ್ಲಾಪಿ ಡ್ರೈವ್: ಮುಂಬಯಿ, ಪುಣೆಯಲ್ಲಿ ಕಡಿಮೆ ಖರ್ಚಿನಲ್ಲಿ ಹುಡುಕುವ ಬಗೆ

ಮುಂಬಯಿ ಮತ್ತು ಪುಣೆಯ ಕನ್ನಡ ಸಂಘಗಳ ಕಪಾಟುಗಳಲ್ಲಿ, ಹಿಂದೆ ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ) ಮಾಡುತ್ತಿದ್ದವರ ಮನೆಯ ಅಟ್ಟಗಳಲ್ಲಿ, ಸಣ್ಣ ಕಾರ್ಖಾನೆಗಳ ಯಂತ್ರಗಳ ಪಕ್ಕದಲ್ಲಿ ಈಗಲೂ ಫ್ಲಾಪಿಗಳ, ಅಂದರೆ ಹಿಂದೆ ಕಂಪ್ಯೂಟರಿನ ಕಡತಗಳನ್ನು ಉಳಿಸಿಡುತ್ತಿದ್ದ ಚಪ್ಪಟೆ ಡಿಸ್ಕುಗಳ, ಪೆಟ್ಟಿಗೆಗಳಿವೆ. 1990ರ ದಶಕದಲ್ಲಿ ಸಂಘದ ಸ್ಮರಣ ಸಂಚಿಕೆಯೊಂದನ್ನು ಅಚ್ಚಿಗೆ ಕೊಡಬೇಕಾದರೆ ಪೇಜ್‌ಮೇಕರ್ ಎಂಬ ತಂತ್ರಾಂಶದಲ್ಲಿ ಪುಟಗಳನ್ನು ಕಟ್ಟಿ, ಕಡತಗಳನ್ನು ಐದಾರು ಫ್ಲಾಪಿಗಳಿಗೆ ಹಂಚಿ, ಲೋಕಲ್ ರೈಲಿನಲ್ಲಿ ಮುದ್ರಣಾಲಯಕ್ಕೆ ಒಯ್ಯುತ್ತಿದ್ದೆವು. ಊರು ಬಿಟ್ಟು ಬಂದ ಮೊದಲ ತಲೆಮಾರಿನವರ ನೆನಪುಗಳು, ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆಗಳ ಕಥೆ, ನಾಟಕ ಆಡಿದವರ ಪಟ್ಟಿ, ಇವೆಲ್ಲ ಆ ಫ್ಲಾಪಿಗಳಲ್ಲಿ ಉಳಿದಿವೆ; ಅಚ್ಚಾದ ಪ್ರತಿಗಳು ಮಾತ್ರ ಎಷ್ಟೋ ಕಡೆ ಗೆದ್ದಲಿಗೆ ಹೋಗಿವೆ. ಅವನ್ನು ಓದಬಲ್ಲ ಒಂದು ಡ್ರೈವ್ ಸಿಕ್ಕಿದರೆ ಆ ಬರಹಗಳು ನಮಗೆ ಮರಳಿ ದೊರೆಯುತ್ತವೆ. ಅಂಥ ಡ್ರೈವನ್ನು ಹಣ ವ್ಯರ್ಥವಾಗದಂತೆ ಸಂಪಾದಿಸುವುದು ಹೇಗೆಂಬುದನ್ನು ನನ್ನ ಅನುಭವದಿಂದ ಇಲ್ಲಿ ವಿವರಿಸುತ್ತೇನೆ.

ಡೊಂಬಿವಲಿಯ ನಮ್ಮ ಮನೆಯ ಪೆಂಟಿಯಮ್ ಕಂಪ್ಯೂಟರನ್ನು ಇದೇ ಕೆಲಸಕ್ಕಾಗಿ ಅಟ್ಟದಿಂದ ಇಳಿಸಿದಾಗ ಅದರ ಫ್ಲಾಪಿ ಡ್ರೈವ್ ಒಂದು ಡಿಸ್ಕನ್ನೂ ಓದಲಿಲ್ಲ. ನಾನು ಪರೀಕ್ಷೆ ಮಾಡದೆ ಒಂದರ ಹಿಂದೆ ಒಂದರಂತೆ ಎರಡು ಹಳೆಯ ಡ್ರೈವ್‌ಗಳನ್ನು ಕೊಂಡು ತಂದೆ. ಮೊದಲನೆಯದು ಕೂಡ ಓದಲಿಲ್ಲ. ಎರಡನೆಯದು ಓದಿತು, ಆದರೆ ಮೂರು ಡಿಸ್ಕ್‌ಗಳ ನಂತರ ಅದೂ ನಿಂತಿತು. ಕೊನೆಗೆ ಮೂರನ್ನೂ ಬಿಚ್ಚಿ ನೋಡಿದಾಗ ಕಾರಣ ತಿಳಿಯಿತು: ನಮ್ಮ ಫ್ಲಾಪಿಗಳಿಗೆ ಬೂಷ್ಟು ಹಿಡಿದಿತ್ತು, ಅದು ಪ್ರತಿಯೊಂದು ಡ್ರೈವಿನ ಹೆಡ್ಡಿಗೂ (ಡಿಸ್ಕನ್ನು ಓದಿ ಬರೆಯುವ ಭಾಗಕ್ಕೂ) ಅಂಟಿಕೊಳ್ಳುತ್ತಿತ್ತು. ಸ್ವಚ್ಛ ಮಾಡಿದ ಮೇಲೆ ನಮ್ಮ ಮೂಲ ಡ್ರೈವೇ ಚೆನ್ನಾಗಿ ಓದಿತು. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಇರುವ ಡ್ರೈವ್ ನಿಜವಾಗಿ ಕೆಟ್ಟಿದೆಯೇ ಎಂಬುದನ್ನು ತಿಳಿಯಿರಿ ಎಂದು ಒತ್ತಿ ಹೇಳುತ್ತೇನೆ. ಎಲ್ಲಕ್ಕಿಂತ ಅಗ್ಗದ ಬದಲಿ ಡ್ರೈವ್ ಎಂದರೆ ಕೊಳ್ಳಬೇಕಾಗಿಯೇ ಬಾರದ ಡ್ರೈವ್.

ಇರುವ ಡ್ರೈವನ್ನು ಪರೀಕ್ಷಿಸುವುದು

ಕಂಪ್ಯೂಟರ್ ಚಾಲೂ ಮಾಡಿದಾಗ ಡ್ರೈವಿನ ದೀಪ ಒಮ್ಮೆ ಹತ್ತಿ ಆರಬೇಕು, ಒಳಗಿನಿಂದ ಹೆಡ್ ಸರಿದಾಡುವ ಸಣ್ಣ ಸದ್ದು ಬರಬೇಕು. ದೀಪವೇ ಹತ್ತದಿದ್ದರೆ ಮೊದಲು ಎಸ್‌ಎಂಪಿಎಸ್‌ನಿಂದ (ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆಯಿಂದ) ಬರುವ ನಾಲ್ಕು ತಂತಿಯ ಚಿಕ್ಕ ಕನೆಕ್ಟರನ್ನು ನೋಡಿ. ಅದು ಸಡಿಲವಾಗಿರಬಹುದು. ದೀಪ ಹತ್ತಿದ್ದು ಆರದೆ ಉರಿಯುತ್ತಲೇ ಇದ್ದರೆ ಡ್ರೈವನ್ನು ಕಂಪ್ಯೂಟರಿಗೆ ಜೋಡಿಸುವ ಚಪ್ಪಟೆ ರಿಬ್ಬನ್ ಕೇಬಲ್ ತಿರುಗುಮುರುಗಾಗಿ ಕೂತಿದೆ ಎಂದೇ ಬಹುಮಟ್ಟಿಗೆ ಅರ್ಥ. ಈ ಸ್ಥಿತಿಯಲ್ಲಿ ಡ್ರೈವಿನೊಳಗೆ ಯಾವ ಫ್ಲಾಪಿಯನ್ನೂ ಹಾಕಬಾರದು. 34 ಪಿನ್ನುಗಳ ಆ ಕನೆಕ್ಟರಿನಲ್ಲಿ ಒಂದು ಸಾಲು ಪೂರ್ತಿ ಗ್ರೌಂಡಿಗೆ (ಸೊನ್ನೆ ವೋಲ್ಟಿನ ತಂತಿಗೆ) ಸೇರಿದ್ದು. ಕೇಬಲ್ ತಿರುಗಿದರೆ ಆಜ್ಞೆಯ ತಂತಿಗಳೆಲ್ಲ ಗ್ರೌಂಡಿಗೆ ತಾಗಿ, ಬರೆಯುವ ಆಜ್ಞೆಯೂ ಅವುಗಳ ಜೊತೆ ಚಾಲೂ ಆಗಿ, ಡಿಸ್ಕಿನಲ್ಲಿರುವುದು ಅಳಿಸಿಹೋಗುವ ಅಪಾಯವಿದೆ. ಕೇಬಲಿನ ಅಂಚಿನ ಕೆಂಪು ಗೆರೆ ಒಂದನೆಯ ಪಿನ್ನಿನ ಕಡೆಗೆ ಬರಬೇಕು. ಹೆಚ್ಚಿನ ಡ್ರೈವ್‌ಗಳಲ್ಲಿ ಒಂದನೆಯ ಪಿನ್ ವಿದ್ಯುತ್ ಕನೆಕ್ಟರಿನ ಬದಿಗೇ ಇರುತ್ತದೆ, ಆದರೆ ಎಲ್ಲದರಲ್ಲೂ ಹಾಗಿಲ್ಲ. ಸರ್ಕಿಟ್ ಬೋರ್ಡಿನ ಮೇಲೆ ಅಚ್ಚಾದ ಅಂಕೆಯನ್ನು ನೋಡಿಯೇ ಕೂರಿಸಬೇಕು.

ಇದೇ ಕೇಬಲಿನ ಒಂದು ತುದಿಯ ಬಳಿ ಏಳು ತಂತಿಗಳನ್ನು ಸೀಳಿ ತಿರುಚಿರುವುದನ್ನು ಕಾಣುತ್ತೀರಿ. ಆ ತಿರುಚಿನ ಆಚೆಗೆ ಜೋಡಿಸಿದ ಡ್ರೈವ್ ‘ಎ’ ಆಗುತ್ತದೆ, ಈಚೆಗಿನದು ‘ಬಿ’. ಕ್ಯಾಬಿನೆಟ್ಟನ್ನು ಯಾರೋ ಬಿಚ್ಚಿ ಮುಚ್ಚಿದ ನಂತರ ಡ್ರೈವ್ ಕಾಣಿಸದಂತಾದರೆ ಜಾಗ ಅದಲುಬದಲಾಗಿರುವ ಸಾಧ್ಯತೆ ಹೆಚ್ಚು. ಇನ್ನೊಂದು ಕಾರಣ ಮದರ್‌ಬೋರ್ಡಿನ ಬ್ಯಾಟರಿ. ವರ್ಷಗಟ್ಟಲೆ ಅಟ್ಟದಲ್ಲಿದ್ದ ಕಂಪ್ಯೂಟರಿನ ಬ್ಯಾಟರಿ ಸತ್ತಿರುತ್ತದೆ, ಬಯೋಸ್ (ಕಂಪ್ಯೂಟರ್ ಚಾಲೂ ಆಗುವಾಗ ಮೊದಲು ನಡೆಯುವ ತಂತ್ರಾಂಶ) ತನಗೆ ಯಾವ ಡ್ರೈವ್ ಇದೆಯೆಂಬುದನ್ನು ಮರೆತಿರುತ್ತದೆ. ಪರದೆಯ ಮೇಲೆ ‘ಫ್ಲಾಪಿ ಡಿಸ್ಕ್ ಫೇಲ್ (40)’ ಎಂಬ ಸಾಲು ಕಂಡರೆ, ಡ್ರೈವನ್ನು ದೂರುವ ಮೊದಲು ಬಯೋಸ್ ಸೆಟ್ಟಿಂಗಿಗೆ ಹೋಗಿ ಮೂರೂವರೆ ಇಂಚು, 1.44 ಎಂಬಿ ಎಂದು ಆರಿಸಿ ನೋಡಬೇಕು.

ದೀಪ ಸರಿಯಾಗಿದೆ, ಸದ್ದೂ ಬರುತ್ತಿದೆ, ಆದರೆ ಡಿಸ್ಕ್ ಓದುತ್ತಿಲ್ಲ ಎಂದಾದರೆ ಹೆಡ್ ಕೊಳೆಯಾಗಿದೆ ಎಂದು ತಿಳಿದು ಮುಂದುವರಿಯುವುದು ಒಳ್ಳೆಯದು. ಮುಂಬಯಿಯ ಮಳೆಗಾಲದ ತೇವದಲ್ಲಿ ಇದು ತೀರ ಸಾಮಾನ್ಯ. ವಿದ್ಯುತ್ ತೆಗೆದು, ಡ್ರೈವನ್ನು ಹೊರಗೆಳೆದು, ಮೇಲಿನ ತಗಡಿನ ಮುಚ್ಚಳವನ್ನು ಬಿಚ್ಚಿದರೆ ಎದುರುಬದುರಾಗಿ ಎರಡು ಹೆಡ್‌ಗಳು ಕಾಣುತ್ತವೆ. ಅಪ್ಪಟ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ, ನಾರು ಬಿಡದ ಬಟ್ಟೆಯ ತುದಿಯಿಂದ ಅವನ್ನು ಮೃದುವಾಗಿ ಒರೆಸಬೇಕು. ಬಿಡಿಭಾಗ ಮಾರುವ ಅಂಗಡಿಗಳಲ್ಲಿ ಇದನ್ನು ‘ಐಪಿಎ’ ಎಂದು ಕೇಳಿದರೆ ಕೊಡುತ್ತಾರೆ. ಮೇಲಿನ ಹೆಡ್ ತೆಳುವಾದ ಸ್ಪ್ರಿಂಗಿನ ಮೇಲೆ ನಿಂತಿರುವುದರಿಂದ ಅದನ್ನು ಬಟ್ಟೆ ತೂರುವಷ್ಟು ಮಾತ್ರ ಎತ್ತಬೇಕು. ಹೆಚ್ಚು ಎತ್ತಿದರೆ ಸ್ಪ್ರಿಂಗ್ ಬಾಗಿ, ಡ್ರೈವ್ ಆಗ ನಿಜಕ್ಕೂ ಹಾಳಾಗುತ್ತದೆ. ಹೆಡ್ಡನ್ನು ಹಿಂದೆ ಮುಂದೆ ನಡೆಸುವ ಸ್ಕ್ರೂ ಕಡ್ಡಿಯ ಮೇಲೆ ಹಳೆಯ ಗ್ರೀಸ್ ಒಣಗಿ ಅಂಟಾಗಿದ್ದರೆ ಅದನ್ನು ಒರೆಸಿ, ಹೊಲಿಗೆ ಯಂತ್ರದ ಎಣ್ಣೆಯ ಒಂದು ಚಿಕ್ಕ ಹನಿಯನ್ನು ಸೂಜಿಯ ತುದಿಯಿಂದ ಹಚ್ಚಬಹುದು. ಆ ಎಣ್ಣೆ ಹೆಡ್ಡಿಗೆ ತಾಗಬಾರದು. ಒಳಗೆ ನೋಡುವಾಗ ಯಾವುದಾದರೂ ಫ್ಲಾಪಿಯ ಲೋಹದ ಬಾಗಿಲು ಅಥವಾ ಅದರ ಸಣ್ಣ ಸ್ಪ್ರಿಂಗ್ ಕಳಚಿ ಬಿದ್ದಿದೆಯೇ ಎಂಬುದನ್ನೂ ಗಮನಿಸಿ. ಡಿಸ್ಕ್ ಒಳಗೆ ಹೋಗದಿರುವುದಕ್ಕೆ ಮತ್ತು ಹೊರಗೆ ಬಾರದಿರುವುದಕ್ಕೆ ಎಷ್ಟೋ ಸಲ ಅದೊಂದೇ ಕಾರಣವಾಗಿರುತ್ತದೆ.

ಫ್ಲಾಪಿಗಳನ್ನೂ ಇದೇ ಹೊತ್ತಿನಲ್ಲಿ ನೋಡಬೇಕು. ಲೋಹದ ಬಾಗಿಲನ್ನು ಸರಿಸಿ, ಹಿಂಭಾಗದ ಲೋಹದ ಗುಂಡಿಯನ್ನು ಬೆರಳಿನಿಂದ ನಿಧಾನವಾಗಿ ತಿರುಗಿಸುತ್ತ ಬೆಳಕಿಗೆ ಹಿಡಿದರೆ ಒಳಗಿನ ಕಪ್ಪು ಹಾಳೆಯ ಮೇಲೆ ಬಿಳಿಚಿದ ಚುಕ್ಕೆಗಳು ಕಾಣಬಹುದು. ಅದೇ ಬೂಷ್ಟು. ಅಂಥ ಡಿಸ್ಕನ್ನು ಪ್ರತ್ಯೇಕವಾಗಿಡಿ. ಅದನ್ನು ಡ್ರೈವಿಗೆ ಹಾಕಿದರೆ ಹೆಡ್ ಕೊಳೆಯಾಗುತ್ತದೆ, ಕೊಳೆಯಾದ ಹೆಡ್ ಮುಂದಿನ ಒಳ್ಳೆಯ ಡಿಸ್ಕಿನ ಮೇಲೆ ಗೀರು ಹಾಕುತ್ತದೆ, ಆ ಗೀರಿಗೆ ಪರಿಹಾರವಿಲ್ಲ.

ಯಾವ ಡ್ರೈವ್ ಬೇಕು

ಇಷ್ಟು ಮಾಡಿದ ಮೇಲೂ ಡ್ರೈವ್ ಓದದಿದ್ದರೆ ಬದಲಿಯನ್ನು ಹುಡುಕಬೇಕು. ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಹಳೆಯ ಡಿಸ್ಕ್‌ಗಳಲ್ಲಿರುವುದನ್ನು ಒಮ್ಮೆ ತೆಗೆದುಕೊಂಡರೆ ಸಾಕೇ, ಅಥವಾ ಆ ಹಳೆಯ ಕಂಪ್ಯೂಟರನ್ನೇ ಫ್ಲಾಪಿಯ ಸಮೇತ ನಡೆಸಬೇಕೇ? ಮೊದಲನೆಯದಾದರೆ ಯುಎಸ್‌ಬಿ ಡ್ರೈವ್ ಸಾಕಾಗಬಹುದು, ಅದರ ವಿಚಾರ ಮುಂದಿದೆ. ಎರಡನೆಯದಾದರೆ ಕ್ಯಾಬಿನೆಟ್ಟಿನ ಒಳಗೆ ಕೂರುವ ಡ್ರೈವೇ ಬೇಕು. ಅಂದಿನ ಕೆಲವು ಡಿಟಿಪಿ ತಂತ್ರಾಂಶಗಳು ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಲಾಕ್ ಇದ್ದರೆ ಮಾತ್ರ ತೆರೆಯುತ್ತಿದ್ದವು. ಅಂಥವು ನಿಮ್ಮಲ್ಲಿದ್ದರೆ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮಾತನ್ನೇ ಎತ್ತಬೇಡಿ.

ಮೂರೂವರೆ ಇಂಚಿನ ಸಾಮಾನ್ಯ ಪಿಸಿ ಡ್ರೈವ್‌ಗಳ ಒಂದು ದೊಡ್ಡ ಅನುಕೂಲವೆಂದರೆ ಅವು ಒಂದಕ್ಕೊಂದು ಬದಲಿಯಾಗಿ ನಡೆಯುತ್ತವೆ. ಟೀಯಾಕ್ ಎಫ್‌ಡಿ-235ಎಚ್‌ಎಫ್, ಸೋನಿ ಎಂಪಿಎಫ್920, ಪ್ಯಾನಾಸಾನಿಕ್ ಜೆಯು-257, ಮಿತ್ಸುಮಿ ಡಿ359, ಸ್ಯಾಮ್‌ಸಂಗ್ ಎಸ್‌ಎಫ್‌ಡಿ-321ಬಿ, ಎನ್‌ಇಸಿ ಎಫ್‌ಡಿ1231, ಇವುಗಳಲ್ಲಿ ಯಾವುದು ಸಿಕ್ಕಿದರೂ ಪಿಸಿಗೆ ಆಗುತ್ತದೆ. ಎಲ್ಲಕ್ಕೂ ಅದೇ 34 ಪಿನ್ನಿನ ಕೇಬಲ್, ಅದೇ ಚಿಕ್ಕ ವಿದ್ಯುತ್ ಕನೆಕ್ಟರ್. ಹೊಂದದೆ ಹೋಗುವುದು ಮುಖಭಾಗ ಮಾತ್ರ. ದೊಡ್ಡ ಕಂಪನಿಗಳ ಜೋಡಿತ ಕಂಪ್ಯೂಟರುಗಳಲ್ಲಿ ಡಿಸ್ಕ್ ತೂರುವ ಸೀಳು ಕ್ಯಾಬಿನೆಟ್ಟಿನಲ್ಲೇ ಇದ್ದು, ಡ್ರೈವಿಗೆ ಪ್ಲಾಸ್ಟಿಕ್ ಮುಖವಿರುವುದಿಲ್ಲ. ಅಲ್ಲಿ ಗುಂಡಿಯ ಜಾಗ ಹೊಂದಬೇಕಾಗುತ್ತದೆ. ಹಳೆಯದರ ಫೋಟೊವನ್ನು ಮುಂದಿನಿಂದ, ಹಿಂದಿನಿಂದ, ಕೆಳಗಿನ ಲೇಬಲ್ ಕಾಣುವಂತೆ ಮೊಬೈಲಿನಲ್ಲಿ ತೆಗೆದುಕೊಂಡು ಹೋದರೆ ಅಂಗಡಿಯವರೊಡನೆ ಮಾತು ಬೇಗ ಮುಗಿಯುತ್ತದೆ.

ಲ್ಯಾಪ್‌ಟಾಪಿನ ಡ್ರೈವ್‌ಗಳು ಬೇರೆಯೇ ಜಾತಿ. ಅವು ತೆಳ್ಳಗಿದ್ದು, 26 ತಂತಿಯ ಚಪ್ಪಟೆ ಪಟ್ಟಿಯಿಂದ ಜೋಡಣೆಯಾಗುತ್ತವೆ. ಪಿಸಿಯ ಡ್ರೈವ್ ಅಲ್ಲಿಗೆ ಹೊಂದುವುದಿಲ್ಲ, ಅದೇ ಮಾದರಿಯ ಲ್ಯಾಪ್‌ಟಾಪಿನಿಂದ ಬಿಚ್ಚಿದ್ದನ್ನೇ ಹುಡುಕಬೇಕು.

ಐದೂಕಾಲು ಇಂಚಿನ ದೊಡ್ಡ ಫ್ಲಾಪಿಗಳಲ್ಲಿ ಎರಡು ಬಗೆಯವು ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದವು, 360 ಕೆಬಿ ಮತ್ತು 1.2 ಎಂಬಿ. 1.2 ಎಂಬಿಯ ಡ್ರೈವ್ ಎರಡನ್ನೂ ಓದಬಲ್ಲದು, ಆದ್ದರಿಂದ ಓದುವ ಕೆಲಸಕ್ಕೆ ಅದೇ ಸಾಕು. ಆದರೆ ಅದರ ಹೆಡ್ ಸಪೂರವಾದುದರಿಂದ 360 ಕೆಬಿಯ ಡಿಸ್ಕಿನ ಮೇಲೆ ಅದರಿಂದ ಬರೆದದ್ದನ್ನು 360ರ ಹಳೆಯ ಡ್ರೈವ್ ಮತ್ತೆ ಸರಿಯಾಗಿ ಓದುವ ಭರವಸೆಯಿಲ್ಲ. ಈ ಗಾತ್ರದ ಡ್ರೈವ್ ಈಗ ಅಪರೂಪ, ಬೆಲೆಯೂ ಅದಕ್ಕೆ ತಕ್ಕಂತೆ. ಹತ್ತಿಪ್ಪತ್ತು ಡಿಸ್ಕ್‌ಗಳಿಗಾಗಿ ಕೊಳ್ಳುವುದಕ್ಕಿಂತ, ಇಟ್ಟುಕೊಂಡವರನ್ನು ವಿಚಾರಿಸಿ ಒಂದು ಭಾನುವಾರ ಅವರ ಮನೆಯಲ್ಲಿ ಕೂತು ಓದಿಸಿಕೊಳ್ಳುವುದೇ ಲೇಸೆಂದು ನನ್ನ ಅಭಿಪ್ರಾಯ.

ಹುಡುಕುವ ಜಾಗಗಳು ಮತ್ತು ಬೆಲೆ

ಸೋನಿ ಕಂಪನಿ ಜಪಾನಿನಲ್ಲಿ ಫ್ಲಾಪಿಗಳ ಮಾರಾಟವನ್ನು 2011ರ ಮಾರ್ಚಿನಲ್ಲಿ ನಿಲ್ಲಿಸಿತು. ಈಗ ನಮಗೆ ಸಿಗುವ ಒಳಗಿನ ಡ್ರೈವ್ ಎಂದರೆ ಒಂದೋ ಹಳೆಯ ಕಂಪ್ಯೂಟರಿನಿಂದ ಬಿಚ್ಚಿದ್ದು, ಇಲ್ಲವೇ ಯಾವುದೋ ಅಂಗಡಿಯ ಮೂಲೆಯಲ್ಲಿ ಪೆಟ್ಟಿಗೆ ಒಡೆಯದೆ ಉಳಿದದ್ದು.

ಎಲ್ಲಕ್ಕಿಂತ ಮೊದಲು ನಿಮ್ಮ ಬಳಗದಲ್ಲಿ ವಿಚಾರಿಸಿ. ಸಂಘದ ವಾಟ್ಸ್ಯಾಪ್ ಗುಂಪಿನಲ್ಲಿ ‘ಯಾರ ಮನೆಯಲ್ಲಾದರೂ ಫ್ಲಾಪಿ ಹಾಕುವ ಹಳೆಯ ಕಂಪ್ಯೂಟರ್ ಇದೆಯೇ’ ಎಂದು ಕೇಳಿದ ಎರಡು ದಿನಗಳಲ್ಲಿ ನನಗೆ ಮೂವರು ಉತ್ತರಿಸಿದರು. ಅವರಲ್ಲೊಬ್ಬರು ಮಾಟುಂಗದ ಹಿರಿಯರು; ಹಣದ ಮಾತು ಎತ್ತಿದಾಗ ‘ನಮ್ಮ ಸಂಚಿಕೆಯ ಕೆಲಸಕ್ಕೆ ಅಲ್ಲವೇನಪ್ಪಾ, ತಗೊಂಡು ಹೋಗು’ ಎಂದು ಇಡೀ ಕ್ಯಾಬಿನೆಟ್ಟನ್ನೇ ಕೊಟ್ಟರು. ಇಡೀ ಕಂಪ್ಯೂಟರ್ ಸಿಕ್ಕರೆ ಡ್ರೈವಿನ ಜೊತೆಗೆ ಕೇಬಲ್, ಸರಿಯಾದ ಎಸ್‌ಎಂಪಿಎಸ್, ಪರೀಕ್ಷೆಗೆ ಬೇಕಾದ ಮದರ್‌ಬೋರ್ಡ್ ಎಲ್ಲವೂ ಸಿಗುತ್ತವೆ. ಬಿಡಿ ಡ್ರೈವ್ ಕೊಂಡವರು ಕೇಬಲಿಗಾಗಿ ಮತ್ತೆ ಅಲೆಯುವುದನ್ನು ಕಂಡಿದ್ದೇನೆ.

ಮುಂಬಯಿಯಲ್ಲಿ ಮುಂದಿನ ಜಾಗ ಗ್ರ್ಯಾಂಟ್ ರೋಡ್ ಸ್ಟೇಷನ್ನಿನ ಹತ್ತಿರದ ಲ್ಯಾಮಿಂಗ್ಟನ್ ರೋಡ್. ಅದರ ಅಧಿಕೃತ ಹೆಸರು ಡಾ. ದಾದಾಸಾಹೇಬ ಭಡಕಮ್‌ಕರ್ ಮಾರ್ಗ, ಆದರೆ ಹಳೆಯ ಹೆಸರೇ ಎಲ್ಲರ ಬಾಯಲ್ಲಿದೆ. ರಸ್ತೆಗೆ ಮುಖ ಮಾಡಿದ ಹೊಳೆಯುವ ಅಂಗಡಿಗಳಲ್ಲಿ ಕೇಳಿ ಪ್ರಯೋಜನವಿಲ್ಲ. ಅಲ್ಲಿರುವುದು ಹೊಸ ಸಾಮಾನು. ಕಟ್ಟಡಗಳ ಮಹಡಿಗಳಲ್ಲಿ, ಪಕ್ಕದ ಗಲ್ಲಿಗಳಲ್ಲಿ ಮದರ್‌ಬೋರ್ಡ್ ಮತ್ತು ಪ್ರಿಂಟರ್ ರಿಪೇರಿ ಮಾಡುವ ಸಣ್ಣ ಅಂಗಡಿಗಳಿವೆ. ಅವರಲ್ಲಿ ಕೇಳಬೇಕು, ‘ಎಫ್‌ಡಿಡಿ’ (ಫ್ಲಾಪಿ ಡಿಸ್ಕ್ ಡ್ರೈವ್) ಎಂದೇ ಕೇಳಬೇಕು, ಏಕೆಂದರೆ ವ್ಯಾಪಾರದಲ್ಲಿ ಅದರ ಹೆಸರು ಅದೇ. ಒಬ್ಬರಲ್ಲಿ ಇಲ್ಲದಿದ್ದರೆ ಯಾರಲ್ಲಿರಬಹುದು ಎಂದು ಕೇಳಿ. ನನಗೆ ಕೊನೆಗೆ ಸಿಕ್ಕಿದ್ದು ಹಾಗೆ ನಾಲ್ಕನೆಯ ಅಂಗಡಿಯಲ್ಲಿ. ಭಾನುವಾರ ಅಲ್ಲಿ ಬಹುಪಾಲು ಅಂಗಡಿಗಳು ಮುಚ್ಚಿರುತ್ತವೆ, ಶನಿವಾರ ಜನಸಂದಣಿ ಹೆಚ್ಚು. ವಾರದ ನಡುವಿನ ಮಧ್ಯಾಹ್ನ ಹೋದರೆ ಅಂಗಡಿಯವರಿಗೆ ಹುಡುಕಿ ಕೊಡುವ ವ್ಯವಧಾನವಿರುತ್ತದೆ. ಇದಲ್ಲದೆ ನಿಮ್ಮ ಬಡಾವಣೆಯ ಭಂಗಾರ್‌ವಾಲಾ ಇದ್ದಾನೆ. ಕಚೇರಿಗಳ ಹಳೆಯ ಕಂಪ್ಯೂಟರುಗಳು ಮೊದಲು ಬರುವುದು ಅವನ ಕೈಗೆ, ಅವನು ಮಾರುವುದು ತೂಕದ ಲೆಕ್ಕದಲ್ಲಿ. ಮುಂದಿನ ಸಲ ಬಂದಾಗ ಬಿಚ್ಚದೆ ಇಡಲು ಹೇಳಿ, ಒಂದಿಷ್ಟು ಹಣ ಮುಂಗಡ ಕೊಟ್ಟಿರಿ.

ಪುಣೆಯವರಿಗೆ ಬುಧವಾರ ಪೇಠೆಯ ತಾಪ್ಕೀರ್ ಗಲ್ಲಿ ಮತ್ತು ಅದರ ಸುತ್ತಲಿನ ಎಲೆಕ್ಟ್ರಾನಿಕ್ ಅಂಗಡಿಗಳಿವೆ. ಹಳೆಯ ಸಾಮಾನಿಗೆ ಬುಧವಾರ ಮತ್ತು ಭಾನುವಾರ ಸೇರುವ ಜುನಾ ಬಾಜಾರ್ ಇದೆ. ಜುನಾ ಬಾಜಾರಿನಲ್ಲಿ ನೆಲದ ಮೇಲೆ ಹರಡಿದ ಸಾಮಾನನ್ನು ಅಲ್ಲಿಯೇ ಪರೀಕ್ಷಿಸಲು ಆಗುವುದಿಲ್ಲ, ಹೀಗಾಗಿ ಅಲ್ಲಿ ಕೊಡುವ ಹಣವನ್ನು ಹೋದರೆ ಹೋಗಲಿ ಎನ್ನುವಷ್ಟಕ್ಕೆ ಮಿತಿಗೊಳಿಸಬೇಕು.

ಬೆಲೆಯ ವಿಷಯದಲ್ಲಿ ನಾನು ಹಾಕಿಕೊಂಡ ಮಿತಿಯನ್ನು ಹೇಳುತ್ತೇನೆ. ಪರೀಕ್ಷಿಸಲಾಗದ ಹಳೆಯ ಡ್ರೈವಿಗೆ 100 ರೂಪಾಯಿಗಿಂತ ಹೆಚ್ಚು ಕೊಡುವುದಿಲ್ಲ. ನನ್ನೆದುರಿಗೆ ಓದಿ ಬರೆದು ತೋರಿಸಿದ ಡ್ರೈವಿಗೆ 300ರಿಂದ 400 ರೂಪಾಯಿ ಕೊಡಲು ಹಿಂಜರಿಯುವುದಿಲ್ಲ, ಏಕೆಂದರೆ ಅಂಗಡಿಯವರು ಅದಕ್ಕೆ ಸಮಯ ಕೊಟ್ಟಿರುತ್ತಾರೆ. ‘ಈಗ ಇದು ಎಲ್ಲೂ ಸಿಗುವುದಿಲ್ಲ’ ಎಂದು ಹೇಳಿ ಸಾವಿರದ ಮೇಲೆ ಕೇಳಿದವರಿದ್ದಾರೆ. ಅಪರೂಪದ್ದು ಎಂಬುದು ನಿಜವಾದರೂ ಕೊಳ್ಳುವವರೂ ಅಷ್ಟೇ ಅಪರೂಪ. ಸೌಜನ್ಯದಿಂದ ಚೌಕಾಸಿ ಮಾಡಿದರೆ ಬೆಲೆ ಇಳಿಯುತ್ತದೆ.

ಅಂಗಡಿಯಲ್ಲೇ ಮಾಡಬೇಕಾದ ಪರೀಕ್ಷೆ

ಹೋಗುವಾಗ ಮೂರು ಫ್ಲಾಪಿಗಳನ್ನು ಒಯ್ಯಿರಿ: ಬೇರೆ ಡ್ರೈವಿನಲ್ಲಿ ಬರೆದ ಕಡತಗಳಿರುವ ಎರಡು, ಖಾಲಿಯಾದ ಒಂದು. ಮೂರೂ ಕಳೆದುಹೋದರೂ ಚಿಂತೆಯಿಲ್ಲದಂಥವಾಗಿರಬೇಕು. ಸಂಚಿಕೆಯ ಮೂಲ ಫ್ಲಾಪಿಯನ್ನು, ಒಂದೇ ಪ್ರತಿ ಉಳಿದಿರುವ ಫ್ಲಾಪಿಯನ್ನು ಅಪರಿಚಿತ ಡ್ರೈವಿಗೆ ಎಂದೂ ಹಾಕಬಾರದು.

ಮೊದಲು ಬೇರೆಡೆ ಬರೆದ ಡಿಸ್ಕನ್ನು ಹಾಕಿ, ಅದರಲ್ಲಿರುವ ಎಲ್ಲ ಕಡತಗಳನ್ನೂ ಕಾಪಿ ಮಾಡಿಸಿ. ಕಡತಗಳ ಪಟ್ಟಿ ಕಂಡಿತೆಂದು ತೃಪ್ತರಾಗಬಾರದು, ಏಕೆಂದರೆ ಪಟ್ಟಿ ಇರುವುದು ಡಿಸ್ಕಿನ ಹೊರ ಅಂಚಿನ ಉಂಗುರದಲ್ಲಿ, ಅಂದರೆ ಟ್ರ್ಯಾಕಿನಲ್ಲಿ. 80 ಟ್ರ್ಯಾಕುಗಳಲ್ಲಿ ಒಳಗಿನವುಗಳ ತನಕ ಹೆಡ್ ತಲುಪುತ್ತದೆಯೇ ಎಂಬುದು ತಿಳಿಯಬೇಕಾದರೆ ಡಿಸ್ಕ್ ಬಹುಮಟ್ಟಿಗೆ ತುಂಬಿರಬೇಕು, ಪೂರ್ತಿ ಓದಬೇಕು. ಬೇರೆಡೆ ಬರೆದ ಡಿಸ್ಕೇ ಏಕೆ ಎಂದರೆ, ಹೆಡ್ಡಿನ ಜೋಡಣೆ ಸ್ವಲ್ಪ ಸರಿದ ಡ್ರೈವ್ ತಾನು ಬರೆದದ್ದನ್ನು ತಾನು ಚೆನ್ನಾಗಿಯೇ ಓದುತ್ತದೆ, ಇತರರು ಬರೆದದ್ದನ್ನು ಓದಲಾರದು. ಅಂಗಡಿಯವರು ಅಲ್ಲಿಯೇ ಫಾರ್ಮ್ಯಾಟ್ ಮಾಡಿ, ಬರೆದು, ಓದಿ ತೋರಿಸಿದರೆ ಈ ದೋಷ ಕಣ್ಣಿಗೆ ಬೀಳುವುದಿಲ್ಲ.

ಎರಡನೆಯದಾಗಿ ಆ ಡಿಸ್ಕನ್ನು ತೆಗೆದು ಇನ್ನೊಂದನ್ನು ಹಾಕಿ ಮತ್ತೆ ಪಟ್ಟಿಯನ್ನು ಕೇಳಿ. ಹೊಸ ಡಿಸ್ಕ್ ಹಾಕಿದರೂ ಹಿಂದಿನದರ ಪಟ್ಟಿಯೇ ಕಂಡರೆ, ಡಿಸ್ಕ್ ಬದಲಾಯಿತೆಂದು ತಿಳಿಸುವ 34ನೆಯ ಪಿನ್ನಿನ ಸಂಕೇತ ಬರುತ್ತಿಲ್ಲ. ತಪ್ಪು ಕೇಬಲಿನಲ್ಲೂ ಇರಬಹುದು, ಆದ್ದರಿಂದ ಬೇರೆ ಕೇಬಲ್ ಹಾಕಿ ನೋಡಿ. ಆಗಲೂ ಹಾಗೆಯೇ ಇದ್ದರೆ ಆ ಡ್ರೈವನ್ನು ಉಚಿತವಾಗಿ ಕೊಟ್ಟರೂ ಬೇಡ. ಅದರಲ್ಲಿ ಬರೆಯಲು ಹೋದರೆ ಹಳೆಯ ಡಿಸ್ಕಿನ ಪಟ್ಟಿ ಹೊಸ ಡಿಸ್ಕಿನ ಮೇಲೆ ಬಿದ್ದು, ಅಲ್ಲಿದ್ದುದೆಲ್ಲ ಕಲಸಿಹೋಗುತ್ತದೆ. ಕೊನೆಗೆ ಖಾಲಿ ಡಿಸ್ಕಿನ ಮೇಲೆ ಒಂದು ಕಡತವನ್ನು ಬರೆಸಿಕೊಂಡು ಮನೆಗೆ ತಂದು ಬೇರೆ ಡ್ರೈವಿನಲ್ಲಿ ಓದಿ ನೋಡಿ. ಓದದಿದ್ದರೆ ಬದಲಾಯಿಸಿ ಕೊಡುವಂತೆ ಮೊದಲೇ ಮಾತಾಡಿಕೊಂಡಿದ್ದರೆ ಒಳ್ಳೆಯದು.

ಅಂಗಡಿಯಲ್ಲಿ ಫ್ಲಾಪಿ ಜೋಡಿಸುವ ಮದರ್‌ಬೋರ್ಡೇ ಇಲ್ಲದಿದ್ದರೆ ಕಣ್ಣು ಮತ್ತು ಕಿವಿಯ ಪರೀಕ್ಷೆ ಮಾತ್ರ ಸಾಧ್ಯ. ಡಿಸ್ಕ್ ಸಲೀಸಾಗಿ ಒಳಗೆ ಹೋಗಿ ಕೆಳಕ್ಕೆ ಕೂರಬೇಕು, ಗುಂಡಿ ಒತ್ತಿದಾಗ ಚಿಮ್ಮಿ ಬರಬೇಕು, ಒಳಗೆ ತುಕ್ಕು ಅಥವಾ ಸೋರಿದ ಕೆಪಾಸಿಟರಿನ ಕಲೆ ಇರಬಾರದು. ಇದಕ್ಕೆ ಕೊಡಬೇಕಾದದ್ದು ಆ 100 ರೂಪಾಯಿಯ ಬೆಲೆ ಮಾತ್ರ.

ಯುಎಸ್‌ಬಿ ಡ್ರೈವ್ ಯಾರಿಗೆ ಸಾಕು

ಮೂರೂವರೆ ಇಂಚಿನ, ಪಿಸಿಯಲ್ಲಿ ಬರೆದ, 1.44 ಎಂಬಿಯ ಫ್ಲಾಪಿಗಳಲ್ಲಿರುವುದನ್ನು ಇಂದಿನ ಲ್ಯಾಪ್‌ಟಾಪಿಗೆ ತೆಗೆದುಕೊಳ್ಳುವುದಷ್ಟೇ ನಿಮ್ಮ ಉದ್ದೇಶವಾದರೆ ಆನ್‌ಲೈನಿನಲ್ಲಿ ಸಿಗುವ ಯುಎಸ್‌ಬಿ ಫ್ಲಾಪಿ ಡ್ರೈವನ್ನು ಮೊದಲು ಪರಿಗಣಿಸಿ. ವಿಂಡೋಸ್‌ನಲ್ಲಿ ಬೇರೆ ತಂತ್ರಾಂಶವಿಲ್ಲದೆ ಅದು ‘ಎ’ ಡ್ರೈವಾಗಿ ಕಾಣಿಸಿಕೊಳ್ಳುತ್ತದೆ. ಹೊಸ ಡ್ರೈವಿಗೆ ನಾನು ಕೊಟ್ಟದ್ದು 1500 ರೂಪಾಯಿಯ ಆಸುಪಾಸು. ಗೋವಾದಲ್ಲಿ ಅಥವಾ ಪೇಟೆಯಿಂದ ದೂರ ಇರುವವರಿಗೆ ಓಡಾಟದ ಖರ್ಚನ್ನು ಸೇರಿಸಿದರೆ ಇದೇ ಅಗ್ಗವಾಗಬಹುದು. ಅದನ್ನು ಯುಎಸ್‌ಬಿ ಹಬ್ಬಿಗೆ (ಒಂದು ಪೋರ್ಟನ್ನು ಹಲವಾಗಿ ಮಾಡುವ ಸಾಧನಕ್ಕೆ) ಹಾಕದೆ ನೇರವಾಗಿ ಕಂಪ್ಯೂಟರಿನ ಪೋರ್ಟಿಗೇ ಸಿಕ್ಕಿಸಬೇಕು, ಇಲ್ಲದಿದ್ದರೆ ವಿದ್ಯುತ್ ಸಾಲದೆ ಅರ್ಧಕ್ಕೆ ನಿಲ್ಲುತ್ತದೆ.

ಅದರ ಮಿತಿಗಳನ್ನೂ ತಿಳಿದಿರಬೇಕು. ಒಳಗಿರುವುದು ಲ್ಯಾಪ್‌ಟಾಪಿನ ತೆಳು ಯಂತ್ರ. ಸ್ವಲ್ಪ ಕೆಟ್ಟ ಡಿಸ್ಕಿನೆದುರು ಅದು ಬೇಗ ಸೋಲುತ್ತದೆ, ಅದೇ ಡಿಸ್ಕನ್ನು ಒಳ್ಳೆಯ ಒಳ-ಡ್ರೈವ್ ಹತ್ತಾರು ಸಲ ಯತ್ನಿಸಿ ಓದಿದ್ದನ್ನು ನಾನು ಕಂಡಿದ್ದೇನೆ. ಹಳೆಯ ಮ್ಯಾಕಿಂಟಾಷ್‌ನ 400 ಮತ್ತು 800 ಕೆಬಿಯ ಡಿಸ್ಕ್‌ಗಳನ್ನು ಅದು ಓದುವುದೇ ಇಲ್ಲ, ಪಿಸಿಯ ಸಾಮಾನ್ಯ ಡ್ರೈವೂ ಓದುವುದಿಲ್ಲ. ಐದೂಕಾಲು ಇಂಚಿನವುಗಳ ಮಾತೇ ಬೇಡ.

ಯಂತ್ರಗಳಿಗೆ ಫ್ಲಾಪಿ ಹಾಕುವವರು

ಪುಣೆಯ ಭೋಸರಿ, ಚಿಂಚ್‌ವಡದ ಕಡೆ ಹಳೆಯ ಸಿಎನ್‌ಸಿ (ಕಂಪ್ಯೂಟರಿನ ಆಜ್ಞೆಯಂತೆ ಲೋಹ ಕತ್ತರಿಸುವ) ಯಂತ್ರ ನಡೆಸುವವರು, ಕಸೂತಿ ಯಂತ್ರ ಇರುವವರು, ಹಳೆಯ ಕೀಬೋರ್ಡ್ ನುಡಿಸುವವರು ಇನ್ನೊಂದು ಫ್ಲಾಪಿ ಡ್ರೈವ್ ಕೊಳ್ಳುವ ಬದಲು ಗೋಟೆಕ್ ಎಂಬ ಸಾಧನವನ್ನು ನೋಡಬೇಕು. ಅದು ಡ್ರೈವಿನ ಅದೇ ಅಳತೆಯಲ್ಲಿ ಅದೇ ಜಾಗದಲ್ಲಿ ಕೂತು, ಅದೇ ಕೇಬಲನ್ನು ತೆಗೆದುಕೊಂಡು, ಫ್ಲಾಪಿಯ ಬದಲು ಪೆನ್‌ಡ್ರೈವಿನಿಂದ ಓದುತ್ತದೆ. ಕೀರ್ ಫ್ರೇಸರ್ ಅವರು ಬರೆದ ಫ್ಲ್ಯಾಶ್‌ಫ್ಲಾಪಿ ಎಂಬ ಉಚಿತ ಫರ್ಮ್‌ವೇರನ್ನು (ಸಾಧನದೊಳಗಿನ ತಂತ್ರಾಂಶವನ್ನು) ಹಾಕಿದರೆ ಅದರ ಉಪಯೋಗ ಇನ್ನೂ ಹೆಚ್ಚುತ್ತದೆ. ಇಂಥ ಯಂತ್ರಗಳಲ್ಲಿ 34ನೆಯ ಪಿನ್ನಿನ ಅರ್ಥ ಪಿಸಿಯಲ್ಲಿರುವಂತೆಯೇ ಇರುವುದಿಲ್ಲ. ಕೆಲವು ಯಂತ್ರಗಳು ಅಲ್ಲಿ ‘ಡಿಸ್ಕ್ ಬದಲಾಯಿತು’ ಎಂಬುದರ ಬದಲು ‘ಸಿದ್ಧ’ ಎಂಬ ಸಂಕೇತವನ್ನು ಕಾಯುತ್ತವೆ. ಆದ್ದರಿಂದ ಪಿಸಿಯಲ್ಲಿ ಚೆನ್ನಾಗಿ ನಡೆದ ಡ್ರೈವ್ ಯಂತ್ರದಲ್ಲಿ ನಡೆಯದೆ ಹೋಗಬಹುದು. ಹಳೆಯ ಡ್ರೈವಿನ ಪೂರ್ಣ ಮಾದರಿ ಸಂಖ್ಯೆಯನ್ನೂ ಜಂಪರುಗಳ (ಡ್ರೈವಿನ ಹೊಂದಿಕೆ ಬದಲಿಸಲು ಪಿನ್ನುಗಳ ಮೇಲೆ ಕೂರಿಸುವ ಚಿಕ್ಕ ತುಂಡುಗಳ) ಜಾಗವನ್ನೂ ಬರೆದಿಟ್ಟುಕೊಂಡು ಅದಕ್ಕೆ ಹೊಂದಿಸಿಯೇ ಕೊಳ್ಳಬೇಕು. ಯಂತ್ರಕ್ಕೆ ಆರ್‌ಎಸ್-232 ಎಂಬ ಸೀರಿಯಲ್ ಪೋರ್ಟ್ ಇದ್ದರೆ ಲ್ಯಾಪ್‌ಟಾಪಿನಿಂದಲೇ ಪ್ರೋಗ್ರಾಂ ಕಳಿಸುವ ದಾರಿಯೂ ಇರುತ್ತದೆ.

ಗೋಟೆಕ್ ನಿಮ್ಮ ಹಳೆಯ ಫ್ಲಾಪಿಯನ್ನು ಓದುವುದಿಲ್ಲ ಎಂಬುದು ಮರೆಯಬಾರದ ಮಾತು. ಅದಕ್ಕೆ ಬದಲಾಗುವ ಮೊದಲು ಇರುವ ಡಿಸ್ಕ್‌ಗಳನ್ನೆಲ್ಲ ನಿಜವಾದ ಡ್ರೈವೊಂದರಲ್ಲಿ ಓದಿ ತೆಗೆದಿಟ್ಟಿರಬೇಕು.

ಜೋಡಣೆ ಮತ್ತು ಮೊದಲ ಓದು

ತಂದ ಡ್ರೈವನ್ನು ಕೂರಿಸುವ ಮೊದಲು, ಅಂಗಡಿಯಲ್ಲಿ ಓದಿದ್ದರೂ ಸರಿ, ಅದರ ಹೆಡ್ಡನ್ನು ಮೇಲೆ ಹೇಳಿದಂತೆ ಒಮ್ಮೆ ಒರೆಸಿ. ವಿದ್ಯುತ್ತಿನ ಚಿಕ್ಕ ಕನೆಕ್ಟರನ್ನು ಕೂರಿಸುವಾಗ ನಾಲ್ಕೂ ಪಿನ್ನುಗಳು ಸರಿಯಾಗಿ ಒಳಗೆ ಹೋಗಿವೆಯೇ ಎಂದು ದೀಪದ ಬೆಳಕಿನಲ್ಲಿ ನೋಡಿ. ಅದು ಒಂದು ಪಿನ್ ಪಕ್ಕಕ್ಕೆ ಸರಿದು ಕೂರಬಲ್ಲದು, ಆಗ ವಿದ್ಯುತ್ತಿನ ತಂತಿ ಗ್ರೌಂಡಿಗೆ ತಾಗಿ ಶಾರ್ಟ್ ಆಗಿ ಡ್ರೈವ್ ಹಾಳಾಗಬಹುದು. ಕಂಪ್ಯೂಟರ್ ಚಾಲೂ ಇರುವಾಗ ಯಾವ ಕೇಬಲನ್ನೂ ತೆಗೆಯುವುದಾಗಲಿ ಹಾಕುವುದಾಗಲಿ ಕೂಡದು.

ಬೇಡದ ಡಿಸ್ಕ್‌ಗಳಲ್ಲಿ ಎರಡು ಮೂರನ್ನು ಪೂರ್ತಿ ಓದಿಸಿ, ಅವುಗಳ ಮೇಲೆ ಹೊಸ ಗೀರು ಬಿದ್ದಿಲ್ಲವೆಂದು ಖಚಿತವಾದ ಮೇಲೆಯೇ ಮುಖ್ಯವಾದ ಡಿಸ್ಕಿಗೆ ಬನ್ನಿ. ಅದರ ಮೂಲೆಯ ಚಿಕ್ಕ ತಡೆಯನ್ನು ಸರಿಸಿ ಕಿಂಡಿ ತೆರೆದು ಆಚೆಯ ಬೆಳಕು ಕಾಣುವಂತೆ ಮಾಡಿದರೆ ಅದರ ಮೇಲೆ ಯಾರೂ ಏನೂ ಬರೆಯಲಾಗದು. ‘ಫಾರ್ಮ್ಯಾಟ್ ಮಾಡಬೇಕೇ’ ಎಂದು ವಿಂಡೋಸ್ ಕೇಳಿದರೆ ಬೇಡವೆಂದೇ ಒತ್ತಿ, ಹೆಡ್ ಒರೆಸಿ ಮತ್ತೆ ಯತ್ನಿಸಿ. ಕಡತಗಳನ್ನು ಒಂದೊಂದಾಗಿ ತೆರೆಯುತ್ತ ಕೂರುವುದಕ್ಕಿಂತ ವಿನ್‌ಇಮೇಜ್ ಅಥವಾ ಲಿನಕ್ಸಿನ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಬಳಸಿ ಇಡೀ ಡಿಸ್ಕಿನ ಪ್ರತಿಬಿಂಬವನ್ನು ಒಂದೇ ಕಡತವಾಗಿ ತೆಗೆದುಕೊಳ್ಳಿ. 1.44 ಎಂಬಿಯ ಡಿಸ್ಕಾದರೆ ಅದರ ಗಾತ್ರ ಸರಿಯಾಗಿ 14,74,560 ಬೈಟ್ ಇರಬೇಕು. ಡಿಡಿರೆಸ್ಕ್ಯೂ ಓದಲಾಗದ ಸೆಕ್ಟರುಗಳನ್ನು (ಡಿಸ್ಕಿನ ಚಿಕ್ಕ ಭಾಗಗಳನ್ನು) ಬಿಟ್ಟು ಮುಂದೆ ಹೋಗಿ, ನಂತರ ಅವಕ್ಕಷ್ಟೇ ಮರಳಿ ಬರುತ್ತದೆ. ಇದರಿಂದ ಕೆಟ್ಟ ಡಿಸ್ಕಿಗೆ ಆಗುವ ಸವೆತ ಕಡಿಮೆ.

ಬೂಷ್ಟು ಹಿಡಿದ ಡಿಸ್ಕ್‌ಗಳನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿ. ಅವುಗಳ ಪ್ಲಾಸ್ಟಿಕ್ ಕವಚವನ್ನು ಜಾಗ್ರತೆಯಿಂದ ಬಿಡಿಸಿ, ಒಳಗಿನ ಹಾಳೆಯನ್ನು ಆಲ್ಕೊಹಾಲಿನಿಂದ ಮೃದುವಾಗಿ ಒರೆಸಿ, ಪೂರ್ತಿ ಒಣಗಿಸಿ, ಬೇಡದ ಫ್ಲಾಪಿಯೊಂದರ ಸ್ವಚ್ಛ ಕವಚದೊಳಗೆ ಕೂರಿಸಿ ಓದಿಸಬೇಕು. ಪ್ರತಿ ಡಿಸ್ಕಿನ ನಂತರ ಹೆಡ್ಡನ್ನು ಮತ್ತೆ ಒರೆಸಬೇಕು. ನಮ್ಮ ಸಂಘದ 1996ರ ಸಂಚಿಕೆಯ ಏಳು ಫ್ಲಾಪಿಗಳಲ್ಲಿ ನಾಲ್ಕು ಇಂಥವು. ಒಂದು ಸಂಜೆಗೆ ಒಂದರಂತೆ ನಾಲ್ಕು ಸಂಜೆ ಹಿಡಿಯಿತು, ಒಂದೇ ಒಂದು ಲೇಖನದ ಕೊನೆಯ ಪುಟವನ್ನು ಬಿಟ್ಟು ಉಳಿದದ್ದೆಲ್ಲ ಬಂತು.